‘ಸೊಂಟ ನೋವು’ ಎಂದು ಬರೆದಿತ್ತು, ನೋವಿದ್ದದ್ದು ತೊಡೆಸಂದಿನಲ್ಲಿ: ಒಂದು ಪ್ರಕರಣ

ಫೈಲು ದಪ್ಪಗಿತ್ತು. ಎಂಟು ತಿಂಗಳ ಕಾಗದಗಳು. ಮೇಲಿನ ಹಾಳೆಯಲ್ಲಿ ದೊಡ್ಡದಾಗಿ ‘ಸೊಂಟ ನೋವು’ ಎಂದಿತ್ತು. ಅದರ ಕೆಳಗೆ ಬೆನ್ನೆಲುಬಿನ ಎಕ್ಸ್‌ರೇ, ಬೆನ್ನೆಲುಬಿನ ಎಂಆರ್‌ಐ, ಬೆನ್ನಿನ ವ್ಯಾಯಾಮದ ಚಿತ್ರಗಳಿದ್ದ ಹಾಳೆ, ಬೆಲ್ಟ್ ಕಟ್ಟಿಕೊಳ್ಳಿ ಎಂದು ಬರೆದ ಚೀಟಿ. ರೋಗಿ 68 ವರ್ಷದ ಹೆಂಗಸು. ಬೆಲ್ಟನ್ನು ಬಿಗಿಯಾಗಿ ಕಟ್ಟಿಕೊಂಡೇ ಬಂದಿದ್ದರು. ಬಾಗಿಲಿಂದ ಕುರ್ಚಿಯವರೆಗಿನ ಹತ್ತು ಹೆಜ್ಜೆಯಲ್ಲೂ ಬಲಗಾಲಿನ ಮೇಲೆ ಭಾರ ಬಿದ್ದಾಗ ಮೈ ಬಲಕ್ಕೆ ವಾಲುತ್ತಿತ್ತು.

ಜೊತೆಗೆ ಮಗಳು ಬಂದಿದ್ದರು. “ಎಲ್ಲಾ ಮಾಡಿಸಿ ಆಯ್ತು ಮೇಡಂ, ಸೊಂಟ ಮಾತ್ರ ಹಾಗೇ ಇದೆ” ಎಂದರು.

ನಾನು ಫಿಸಿಯೋಥೆರಪಿಸ್ಟ್. ಅವರ ಒಪ್ಪಿಗೆ ಪಡೆದು, ಗುರುತು ಸಿಗುವ ವಿವರಗಳನ್ನೆಲ್ಲ ಬಿಟ್ಟು ಇದನ್ನು ಬರೆಯುತ್ತಿದ್ದೇನೆ. ಅವರನ್ನು ಇಲ್ಲಿ ಅಮ್ಮ ಎನ್ನುತ್ತೇನೆ. ಎದುರಿಗೂ ಹಾಗೇ ಕರೆಯೋದು.

ಎಂಆರ್‌ಐ ವರದಿಯಲ್ಲಿ ಹೆದರುವಂಥದ್ದು ಏನೂ ಇರಲಿಲ್ಲ. ಕೆಳಗಿನ ಎರಡು ಡಿಸ್ಕ್ ಸ್ವಲ್ಪ ಸವೆದಿವೆ, ನರ ಒತ್ತಿಕೊಂಡಿಲ್ಲ. ಈ ವಯಸ್ಸಿನಲ್ಲಿ ನೋವೇ ಇಲ್ಲದವರ ಬೆನ್ನಿನ ಚಿತ್ರ ತೆಗೆದರೂ ಎಷ್ಟೋ ಸಲ ಇಷ್ಟು ಸವೆತ ಕಾಣುತ್ತದೆ. ಆದರೆ ಹುಡುಕುತ್ತಿದ್ದವರಿಗೆ ಏನೋ ಒಂದು ಸಿಕ್ಕಿತು. ಹುಡುಕಾಟ ಅಲ್ಲಿಗೇ ನಿಂತಿತು.

“ಅಮ್ಮ, ಸೊಂಟ ಅನ್ನೋ ಮಾತು ಈಗ ಬೇಡ. ನೋವು ಎಲ್ಲಿದೆಯೋ ಅಲ್ಲಿ ಕೈಯಿಟ್ಟು ತೋರಿಸಿ” ಎಂದೆ.

ಅವರು ಎದ್ದು ನಿಂತರು. ಬೆಲ್ಟಿನ ಕಡೆ ಕೈ ಹೋಗಲೇ ಇಲ್ಲ. ಅದಕ್ಕಿಂತ ಅಂಗೈ ಅಗಲ ಕೆಳಗೆ, ಬಲಗೈಯಿಂದ ತೊಡೆಯ ಮೇಲ್ಭಾಗವನ್ನು ಪಕ್ಕದಿಂದ ಹಿಡಿದುಕೊಂಡರು. ಹೆಬ್ಬೆರಳು ಹಿಂದೆ ಪಿರ್ರೆಯ ಕಡೆಗಿತ್ತು. ಉಳಿದ ಬೆರಳುಗಳು ಮುಂದೆ, ತೊಡೆಸಂದಿನ ಮಡಿಕೆಯೊಳಗೆ ಒತ್ತಿದ್ದವು. “ಇಲ್ಲೇ, ಒಳಗೆ ಎಲ್ಲೋ. ಬೆರಳಿಗೆ ಸಿಗಲ್ಲ” ಎಂದರು.

ಹೀಗೆ ಹಿಡಿದಾಗ ಕೈ ಇಂಗ್ಲಿಷಿನ ‘ಸಿ’ ಅಕ್ಷರದ ಆಕಾರಕ್ಕೆ ಬರುತ್ತದೆ. ನಮ್ಮ ಕೆಲಸದಲ್ಲಿ ಇದಕ್ಕೆ ಸಿ ಸೈನ್ ಅನ್ನುತ್ತಾರೆ. ತೊಡೆ ಮೈಗೆ ಸೇರುವ ಹಿಪ್ ಕೀಲಿನ ಒಳಗೆ ತೊಂದರೆ ಇರುವ ಎಷ್ಟೋ ಜನ, ಯಾರೂ ಹೇಳಿಕೊಡದೆ, ಹೀಗೇ ಹಿಡಿದು ತೋರಿಸುತ್ತಾರೆ. ಇದೊಂದನ್ನೇ ನಂಬಿ ತೀರ್ಮಾನಕ್ಕೆ ಬರಬಾರದು. ಆದರೆ ನನ್ನ ಗಮನ ಬೆನ್ನಿನಿಂದ ಕೆಳಕ್ಕೆ ಇಳಿದದ್ದು ಆ ಕ್ಷಣದಲ್ಲೇ.

“ಇಷ್ಟು ದಿನ ಯಾರೂ ಹೀಗೆ ಕೇಳಲಿಲ್ವಾ?” ಎಂದು ಕೇಳಿದೆ. “ಎಲ್ಲಿ ನೋವು ಅಂತ ಕೇಳಿದ್ರು. ಸೊಂಟ ಅಂದೆ” ಎಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಕೇಳಿದವರ ಕಿವಿಯೂ ಸರಿಯಾಗೇ ಇತ್ತು. ಅವರು ಹೇಳಿದ ಸೊಂಟ ಒಂದು, ಇವರು ಬರೆದುಕೊಂಡ ಸೊಂಟ ಇನ್ನೊಂದು.

ಈ ಜಾಗವನ್ನು ಒಮ್ಮೆ ನಮ್ಮ ನಮ್ಮ ಮೈ ಮೇಲೇ ಮುಟ್ಟಿ ನೋಡೋಣ. ಅಮ್ಮನಿಗೂ ಮಗಳಿಗೂ ಅವತ್ತು ಹೀಗೇ ತೋರಿಸಿದ್ದೆ.

ನಿಂತುಕೊಂಡು ಎರಡೂ ಕೈಗಳನ್ನು ಸೊಂಟದ ಮೇಲಿಡಿ. ಕೈ ಕೂರುವ ಆ ಗಟ್ಟಿ ಅಂಚು ಇಲಿಯಮ್ ಎಂಬ ಮೂಳೆಯ ಮೇಲಂಚು. ಮಗುವನ್ನು ಸೊಂಟದ ಮೇಲೆ ಎತ್ತಿಕೊಂಡಾಗ ಅದು ಕೂರುವುದು ಇದರ ಮೇಲೆಯೇ. ಈ ಅಂಚಿಗೂ ಕೊನೆಯ ಪಕ್ಕೆಲುಬಿಗೂ ನಡುವೆ ಬೆರಳಿಟ್ಟರೆ ಮೆತ್ತಗಿರುತ್ತದೆ, ಮೂಳೆ ಸಿಗುವುದಿಲ್ಲ. ಅದು ನಡು. ಟೊಂಕ ಎಂದರೂ ಅದೇ. ಇಂಗ್ಲಿಷಿನಲ್ಲಿ ವೇಸ್ಟ್. ಅದೇ ಮಟ್ಟದಲ್ಲಿ ಹಿಂದುಗಡೆ ಇರುವುದು ಲಂಬಾರ್ ಬೆನ್ನೆಲುಬು, ಅಂದರೆ ಕೆಳಬೆನ್ನಿನ 5 ಮಣಿಗಳು. ಎರಡೂ ಕಡೆಯ ಅಂಚಿನ ಅತಿ ಎತ್ತರದ ಜಾಗಗಳನ್ನು ಹಿಂದಿನಿಂದ ಒಂದು ಗೆರೆ ಎಳೆದು ಸೇರಿಸಿದರೆ ಅದು ಹೆಚ್ಚುಕಮ್ಮಿ 4ನೇ ಲಂಬಾರ್ ಮಣಿಯ ಮೇಲೆ ಹಾದುಹೋಗುತ್ತದೆ. ಭಾರ ಎತ್ತಿದಾಗ “ಸೊಂಟ ಹಿಡ್ಕೊಂಡಿತು” ಅನ್ನುತ್ತೇವಲ್ಲ, ಅದು ಸಾಮಾನ್ಯವಾಗಿ ಇಲ್ಲಿನ ಮಾತು. ಇದು ಮೊದಲನೇ ಸೊಂಟ.

ಈಗ ಕೈಯನ್ನು ಪಕ್ಕದಲ್ಲೇ ಕೆಳಕ್ಕೆ ಜಾರಿಸಿ. ಅಂಗೈ ಅಗಲದಷ್ಟು, ಇಲ್ಲವೇ ಸ್ವಲ್ಪ ಜಾಸ್ತಿ ಕೆಳಗೆ ಹೋದರೆ ಗಟ್ಟಿಯಾದ ಒಂದು ಉಬ್ಬು ಸಿಗುತ್ತದೆ. ಕೈಯನ್ನು ಅಲ್ಲೇ ಇಟ್ಟು ಪಾದವನ್ನು ಒಳಕ್ಕೂ ಹೊರಕ್ಕೂ ತಿರುಗಿಸಿ. ಉಬ್ಬು ಕೈಯಡಿ ಓಡಾಡುತ್ತದೆ. ಮೇಲಿನ ಅಂಚು ಹೀಗೆ ಅಲುಗುವುದಿಲ್ಲ. ಯಾಕೆಂದರೆ ಈ ಉಬ್ಬು ತೊಡೆಮೂಳೆಯದು. ಇದಕ್ಕೆ ಗ್ರೇಟರ್ ಟ್ರೊಕ್ಯಾಂಟರ್ ಎಂದು ಹೆಸರು. ಮಗ್ಗುಲಾಗಿ ಮಲಗಿದಾಗ ಹಾಸಿಗೆಗೆ ಒತ್ತುವುದು ಇದೇ. ಜನ ಇದನ್ನೂ ಸೊಂಟ ಅನ್ನುತ್ತಾರೆ. ಮುಟ್ಟಿದರೆ ಇಲ್ಲೇ ನೋವಾಗುತ್ತದೆ, ಆ ಕಡೆ ಮಲಗೋಕೇ ಆಗಲ್ಲ ಅನ್ನುವವರಲ್ಲಿ ಬಹಳ ಸಲ ತೊಂದರೆ ಇರುವುದು ಉಬ್ಬಿಗೆ ಅಂಟಿಕೊಂಡ ಸ್ನಾಯುಗಳ ತುದಿಯಲ್ಲಿ, ಕೀಲಿನೊಳಗೆ ಅಲ್ಲ.

ಮತ್ತೆ ಕೀಲು ಎಲ್ಲಿ? ಅದು ಕೈಗೆ ಸಿಗುವುದಿಲ್ಲ. ತೊಡೆಸಂದಿನ ಮಡಿಕೆಯ ಹೆಚ್ಚುಕಮ್ಮಿ ಮಧ್ಯದಲ್ಲಿ, ತುಂಬಾ ಒಳಗೆ ಇದೆ. ತೊಡೆಮೂಳೆಯ ಮೇಲ್ತುದಿ ಚೆಂಡಿನ ಹಾಗೆ ದುಂಡಗಿದೆ. ಅದು ಕೂರುವ ಬಟ್ಟಲಿನಂಥ ಗುಳಿಗೆ ಅಸಿಟಾಬ್ಯುಲಮ್ ಎಂದು ಹೆಸರು. ಲ್ಯಾಟಿನ್‌ನಲ್ಲಿ ವಿನೆಗರ್ ಇಡುವ ಪುಟ್ಟ ಬಟ್ಟಲಿಗೆ ಈ ಹೆಸರಿತ್ತು. ಒಮ್ಮೆ ಆ ಗುಳಿಯನ್ನು ಕಣ್ಣಾರೆ ಕಂಡವರಿಗೆ ಈ ಹೆಸರು ಮರೆಯೋದಿಲ್ಲ. ಚೆಂಡು ಮತ್ತು ಬಟ್ಟಲು ಸೇರಿದ್ದು ಹಿಪ್ ಜಾಯಿಂಟ್. ಇಲ್ಲಿನ ನೋವು ಹೆಚ್ಚಾಗಿ ಕಾಣಿಸಿಕೊಳ್ಳುವುದು ಮುಂದುಗಡೆ, ತೊಡೆಸಂದಿನಲ್ಲಿ. ಅಮ್ಮನ ಸೊಂಟ ಇದು.

ಇನ್ನು ಪೆಲ್ವಿಸ್. ಪುಸ್ತಕದಲ್ಲಿ ಶ್ರೋಣಿ ಎಂದು ಬರೆದಿರುತ್ತದೆ. ರೋಗಿಗಳ ಬಾಯಲ್ಲಿ ಈ ಪದ ನಾನು ಕೇಳಿಲ್ಲ. ಅದಕ್ಕೇ ನಾನು ಬೋಗುಣಿ ಎಂದು ಹೇಳಿ ತೋರಿಸುತ್ತೇನೆ. ತಳವಿಲ್ಲದ ಮೂಳೆಯ ಬೋಗುಣಿ. ಹಿಂದೆ ಸೇಕ್ರಮ್ ಇದೆ, 5 ಮಣಿಗಳು ಬೆಸೆದು ಒಂದಾದ ಮೂಳೆ. ಅದರ ತುದಿಯಲ್ಲಿ ಬಾಲದ ಮೂಳೆ. ಎಡಕ್ಕೊಂದು ಬಲಕ್ಕೊಂದು ಹಿಪ್ ಬೋನ್. ಈ ಹಿಪ್ ಬೋನ್ ಚಿಕ್ಕವರಲ್ಲಿ ಮೂರು ಬೇರೆ ಬೇರೆ ಮೂಳೆ: ಮೇಲೆ ಅಗಲವಾದ ಇಲಿಯಮ್, ಕೆಳಗೆ ನಾವು ಕೂತಾಗ ಕುರ್ಚಿಗೆ ಒತ್ತುವ ಇಸ್ಕಿಯಮ್, ಮುಂದೆ ಕಿಬ್ಬೊಟ್ಟೆಯ ಕೆಳತುದಿಯಲ್ಲಿ ಪ್ಯೂಬಿಸ್. ಹರೆಯದಲ್ಲಿ ಇವು ಬೆಸೆದುಕೊಳ್ಳುತ್ತವೆ. ಮೂರೂ ಬಂದು ಸೇರುವ ಜಾಗ ಯಾವುದು ಗೊತ್ತಾ? ಅದೇ ಬಟ್ಟಲು. ಅಂದರೆ ಹಿಪ್ ಜಾಯಿಂಟಿನ ಬಟ್ಟಲು ಪೆಲ್ವಿಸ್‌ಗೆ ಸೇರಿದ್ದು, ಚೆಂಡು ತೊಡೆಮೂಳೆಗೆ ಸೇರಿದ್ದು. ಹಿಪ್ ಬೋನ್ ಬೇರೆ, ಹಿಪ್ ಜಾಯಿಂಟ್ ಬೇರೆ. ಎಷ್ಟೋ ಗೊಂದಲ ಹುಟ್ಟೋದು ಇಲ್ಲೇ. ಓದುತ್ತಿದ್ದಾಗ ನಾನೂ ಇದನ್ನು ಮೂಳೆಯ ಮಾದರಿ ಕೈಯಲ್ಲಿ ಹಿಡಿದ ಮೇಲೇ ಸರಿಯಾಗಿ ತಿಳಿದುಕೊಂಡದ್ದು.

ಅಮ್ಮನ ವಿಷಯಕ್ಕೆ ಬರುತ್ತೇನೆ. ದಿನದ ಯಾವ ಕೆಲಸ ಕಷ್ಟ ಎಂದು ಕೇಳಿದೆ. ಕಾರಿಗೆ ಹತ್ತುವಾಗ ಬಲಗಾಲನ್ನು ಕೈಯಲ್ಲಿ ಎತ್ತಿ ಒಳಗಿಟ್ಟುಕೊಳ್ಳಬೇಕು. ಬಲಗಾಲಿಗೆ ಸಾಕ್ಸ್ ಹಾಕೋಕೆ ಆಗಲ್ಲ, ಉಗುರು ಕತ್ತರಿಸೋಕೂ ಆಗಲ್ಲ. ಚಕ್ಕಳಮಕ್ಕಳ ಹಾಕಿ ಕೂತರೆ ಬಲ ಮಂಡಿ ಮೇಲೇ ನಿಲ್ಲುತ್ತದೆ. ಸ್ವಲ್ಪ ಹೊತ್ತು ಕೂತು ಎದ್ದರೆ ಮೊದಲ ಕೆಲವು ಹೆಜ್ಜೆ ಬಿಗಿ, ಆಮೇಲೆ ಸಡಿಲ. ಬಗ್ಗಿ ನೆಲದ ವಸ್ತು ಎತ್ತುವುದು? “ಅದೇನೂ ತೊಂದರೆ ಇಲ್ಲ” ಎಂದರು. ಬೆನ್ನಿನ ನೋವಾಗಿದ್ದರೆ ನಾನು ಮೊದಲು ನಿರೀಕ್ಷಿಸುತ್ತಿದ್ದ ದೂರು ಅದೇ. ಕಾಲಿನಲ್ಲಿ ಜೋಮು, ಪಾದದಲ್ಲಿ ಶಕ್ತಿ ಕಡಿಮೆ, ಇವೂ ಇರಲಿಲ್ಲ.

ಮಗಳು ನಡುವೆ ಬಾಯಿ ಹಾಕಿದರು. “ಬಲ ಮಂಡಿ ನೋವು ಅಂತಾನೂ ಹೇಳ್ತಾರೆ. ಅದು ಬೇರೆ ಅಲ್ವಾ?” ಬೇರೆ ಇರಬಹುದು, ಒಂದೇ ಆಗಿರಲೂಬಹುದು. ಹಿಪ್ ಕೀಲಿಗೆ ಬರುವ ನರಗಳ ಕವಲುಗಳೇ ಮಂಡಿಗೂ ಹೋಗುತ್ತವೆ. ಅದರಲ್ಲಿ ಆಬ್ಟುರೇಟರ್ ನರ ಮುಖ್ಯ. ಹಾಗಾಗಿ ಹಿಪ್‌ನ ನೋವು ಎಷ್ಟೋ ಸಲ ಮಂಡಿಯಲ್ಲಿ ಮಾತಾಡುತ್ತದೆ. ಮಕ್ಕಳಲ್ಲಂತೂ ಇದನ್ನು ಮರೆಯಲೇಬಾರದು. ಕುಂಟುತ್ತಾ ಬಂದು ಮಂಡಿ ತೋರಿಸುವ ಮಗುವಿನ ಹಿಪ್ ಪರೀಕ್ಷಿಸದೆ ಕಳಿಸಬಾರದು ಎಂದು ನಮಗೆ ಕಲಿಸಿದವರು ಪದೇ ಪದೇ ಹೇಳುತ್ತಿದ್ದರು.

ಪರೀಕ್ಷೆಗೆ ಮಲಗಿಸಿದೆ. ಕಾಲನ್ನು ನೇರವಾಗಿ ಮೇಲಕ್ಕೆತ್ತಿದಾಗ ಬೆನ್ನಿನಿಂದ ಕಾಲಿಗೆ ಇಳಿಯುವ ನೋವು ಬರಲಿಲ್ಲ. ಮಂಡಿಯನ್ನು ಒತ್ತಿ ಮಡಚಿ ನೋಡಿದೆ, ಅಲ್ಲೂ ಏನಿಲ್ಲ. ಆಮೇಲೆ ತೊಡೆಯನ್ನೂ ಮಂಡಿಯನ್ನೂ ಲಂಬವಾಗಿ ಮಡಚಿ ಪಾದವನ್ನು ಹೊರಕ್ಕೆ ಸರಿಸಿದೆ. ಪಾದ ಹೊರಕ್ಕೆ ಹೋದಾಗ ತೊಡೆಮೂಳೆ ಕೀಲಿನೊಳಗೆ ಒಳಕ್ಕೆ ತಿರುಗುತ್ತದೆ. ಎಡಗಾಲು ಸುಮಾರು 35 ಡಿಗ್ರಿ ತಿರುಗಿತು. ಬಲಗಾಲು 10 ಡಿಗ್ರಿಗೂ ಬರಲಿಲ್ಲ. ಗೋಡೆಗೆ ತಾಗಿದ ಹಾಗೆ ನಿಂತಿತು. ಅಮ್ಮ ನನ್ನ ಮಣಿಕಟ್ಟು ಹಿಡಿದುಕೊಂಡು “ಇದೇ, ಇದೇ ನೋವು” ಎಂದರು. ಎಂಟು ತಿಂಗಳಲ್ಲಿ ಮೊದಲ ಸಲ ಯಾರೋ ಅವರ ನೋವನ್ನು ಬೇಕೆಂದೇ ಮುಟ್ಟಿದ್ದರು. ನೋವಿನಲ್ಲೂ ಅವರ ಮುಖದಲ್ಲಿ ಒಂದು ಸಮಾಧಾನ ಕಂಡಿತು. ಆ ಮುಖ ಇನ್ನೂ ಕಣ್ಣ ಮುಂದಿದೆ. ಹಿಪ್ ಕೀಲು ಸವೆಯತೊಡಗಿದಾಗ ಮೊದಲು ಕಡಿಮೆಯಾಗುವ ಚಲನೆಗಳಲ್ಲಿ ಇದೂ ಒಂದು.

ಬಲಗಾಲಿನ ಮೇಲೆ ಮಾತ್ರ ನಿಲ್ಲಿಸಿದೆ. ಎಡಗಡೆಯ ಬೋಗುಣಿ ಕೆಳಕ್ಕೆ ಇಳಿಯಿತು. ಬಲಗಡೆ ಪಿರ್ರೆಯ ಪಕ್ಕದ ಸ್ನಾಯು ದುರ್ಬಲವಾಗಿದ್ದರೆ ಹೀಗಾಗುತ್ತದೆ. ಜರ್ಮನಿಯ ಸರ್ಜನ್ ಫ್ರೀಡ್ರಿಕ್ ಟ್ರೆಂಡೆಲೆನ್‌ಬರ್ಗ್ 1895ರಲ್ಲಿ ಇದನ್ನು ವಿವರಿಸಿದರು, ಇಂದಿಗೂ ಪರೀಕ್ಷೆಗೆ ಅವರದೇ ಹೆಸರು. ಬಾಗಿಲಿನಿಂದ ಬರುವಾಗ ಕಂಡ ಆ ವಾಲುವಿಕೆಯೂ ಇದರದೇ ಇನ್ನೊಂದು ಮುಖ.

ಮೂಳೆ ಡಾಕ್ಟರಿಗೆ ಚೀಟಿ ಬರೆದೆ. ಅವರು ‘ಪೆಲ್ವಿಸ್ ಎಕ್ಸ್‌ರೇ, ಎರಡೂ ಹಿಪ್ ಕಾಣುವಂತೆ’ ಎಂದು ಬರೆದುಕೊಟ್ಟರು. ಇಲ್ಲಿ ಎರಡನೇ ಗೊಂದಲ ಶುರುವಾಯಿತು. ಮಗಳ ಫೋನ್ ಬಂತು. “ಅಮ್ಮಂಗೆ ಗರ್ಭಕೋಶ ತೆಗೆಸಿ ಎಷ್ಟೋ ವರ್ಷ ಆಯ್ತು. ಪೆಲ್ವಿಸ್ ಯಾಕೆ ನೋಡ್ಬೇಕು?” ಅವರ ಪ್ರಶ್ನೆ ಸಹಜವೇ. ಪೆಲ್ವಿಕ್ ಸ್ಕ್ಯಾನ್ ಅಂದಾಗ ನೋಡುವುದು ಬೋಗುಣಿಯೊಳಗೆ ಕೂತಿರುವ ಅಂಗಗಳನ್ನು: ಗರ್ಭಕೋಶ, ಅಂಡಾಶಯ, ಮೂತ್ರಕೋಶ. ಪೆಲ್ವಿಸ್ ಎಕ್ಸ್‌ರೇ ಅಂದಾಗ ನೋಡುವುದು ಬೋಗುಣಿಯನ್ನೇ, ಅದರ ಮೂಳೆಗಳನ್ನು. ಪದ ಒಂದೇ, ಒಂದು ಕಡೆ ಪಾತ್ರೆ, ಇನ್ನೊಂದು ಕಡೆ ಪಾತ್ರೆಯೊಳಗಿನದು. ಹೀಗೆ ಹೇಳಿದ ಮೇಲೆ ಎಕ್ಸ್‌ರೇ ಮಾಡಿಸಿದರು.

ವರದಿ ಬಂದ ರಾತ್ರಿ ಮತ್ತೆ ಫೋನ್. ಈ ಸಲ ದನಿಯಲ್ಲಿ ಹೆದರಿಕೆ ಇತ್ತು. “ವರದಿಯಲ್ಲಿ ಇಲಿಯಮ್ ಅಂತ ಇದೆ. ಹುಡುಕಿದ್ರೆ ಸಣ್ಣಕರುಳು ಅಂತ ಬಂತು. ಕರುಳಿಗೇನಾಗಿದೆ?”

ಕರುಳಿಗೆ ಏನೂ ಆಗಿರಲಿಲ್ಲ. ವರದಿಯಲ್ಲಿದ್ದದ್ದು ‘ಇಲಿಯಮ್ ಸಹಜವಾಗಿದೆ’ ಎಂಬ ಮಾತು, ಅದೂ ಮೂಳೆಯ ಬಗ್ಗೆ. ಸಣ್ಣಕರುಳಿನ ಕೊನೆಯ ಭಾಗಕ್ಕೂ ಇಲಿಯಮ್ ಎಂದೇ ಹೆಸರು. ಇಂಗ್ಲಿಷಿನಲ್ಲಿ ಬರೆದಾಗ ವ್ಯತ್ಯಾಸ ಒಂದೇ ಅಕ್ಷರದ್ದು: ‘ಎಲ್’ ಆದ ಮೇಲೆ ಮೂಳೆಗೆ ‘ಐ’, ಕರುಳಿಗೆ ‘ಇ’. ಹಿಪ್ ಎಂದು ಬರೆಯುವಾಗ ನಡುವೆ ‘ಐ’ ಇದೆಯಲ್ಲ, ಅದು ಹಿಪ್‌ನ ಮೂಳೆಗೆ ಎಂದು ನೆನಪಿಟ್ಟುಕೊಂಡರೆ ಸಾಕು. ಕನ್ನಡದಲ್ಲಿ ಬರೆದರೆ ಆ ಒಂದು ಅಕ್ಷರದ ಆಸರೆಯೂ ಹೋಗುತ್ತದೆ. ಎರಡೂ ಒಂದೇ ಥರ. ಸಾಲದ್ದಕ್ಕೆ ಎರಡೂ ನೆರೆಹೊರೆಯವರು. ಕರುಳಿನ ಇಲಿಯಮ್ ಮುಗಿದು ದೊಡ್ಡಕರುಳಿಗೆ ಸೇರುವುದು ಬಲ ಕಿಬ್ಬೊಟ್ಟೆಯಲ್ಲಿ, ಮೂಳೆಯ ಇಲಿಯಮ್‌ನ ಒಳಮೈಗೆ ಒರಗಿದ ಹಾಗೆ. ಹಾಗಾಗಿ ಕನ್ನಡದಲ್ಲಿ ಬರೆಯುವವರಿಗೆ ನನ್ನ ಮನವಿ ಇಷ್ಟು: ಸುಮ್ನೆ ಇಲಿಯಮ್ ಎಂದು ಬಿಡಬೇಡಿ. ಇಲಿಯಮ್ ಮೂಳೆ ಅಥವಾ ಇಲಿಯಮ್ ಕರುಳು ಎಂದು ಬರೆಯಿರಿ. ಒಂದು ಪದ ಸೇರಿಸಿದರೆ ಒಂದು ಮನೆಯವರು ನೆಮ್ಮದಿಯಾಗಿ ಮಲಗುತ್ತಾರೆ.

ಇಸ್ಕಿಯಮ್ ಮತ್ತು ಇಸ್ಕೀಮಿಯಾ ಕೂಡ ಹೀಗೇ ಕಿವಿಗೆ ಹತ್ತಿರ. ಮೊದಲನೆಯದು ಕೂರುವ ಮೂಳೆ, ಎರಡನೆಯದು ಯಾವುದೋ ಭಾಗಕ್ಕೆ ರಕ್ತ ಸಾಲದಿರುವುದು. ಪೆರಿನಿಯಮ್ ಎಂದರೆ ಎರಡು ತೊಡೆಗಳ ನಡುವೆ ಬೋಗುಣಿಯ ತಳದ ಜಾಗ, ಪೆರಿಟೋನಿಯಮ್ ಎಂದರೆ ಹೊಟ್ಟೆಯ ಒಳಪದರ.

ಎಕ್ಸ್‌ರೇಯಲ್ಲಿ ಮುಖ್ಯವಾದದ್ದು ಬೇರೆ ಇತ್ತು. ಬಲಗಡೆ ಚೆಂಡಿಗೂ ಬಟ್ಟಲಿಗೂ ನಡುವಿನ ಕಪ್ಪು ಸಂದು ಮೇಲ್ಭಾಗದಲ್ಲಿ ಕೂದಲೆಳೆಯಷ್ಟಾಗಿತ್ತು. ಆ ಕಪ್ಪು ಖಾಲಿ ಜಾಗವಲ್ಲ, ಎಕ್ಸ್‌ರೇಗೆ ಕಾಣದ ಮೃದ್ವಸ್ಥಿಯ, ಅಂದರೆ ಕೀಲಿನಲ್ಲಿ ಮೂಳೆಯ ಮೇಲೆ ಹೊದ್ದಿರುವ ನುಣುಪು ಪದರದ, ಜಾಗ. ಮೃದ್ವಸ್ಥಿ ಸವೆದಷ್ಟೂ ಸಂದು ಕಿರಿದಾಗುತ್ತದೆ. ಬಟ್ಟಲಿನ ಅಂಚಿನಲ್ಲಿ ಮೂಳೆಯ ಮುಳ್ಳುಗಳೂ ಬೆಳೆದಿದ್ದವು. ಎಡಗಡೆಯ ಸಂದು ಚೆನ್ನಾಗಿತ್ತು. ಹಿಪ್ ಕೀಲಿನ ಸವೆತ, ಅಂದರೆ ಆಸ್ಟಿಯೋಆರ್ಥ್ರೈಟಿಸ್ ಎಂದು ಡಾಕ್ಟರು ಖಚಿತಪಡಿಸಿದರು. “ಹಾಗಾದ್ರೆ ಸೊಂಟದ ಮೂಳೆ ಸವೆದಿದೆ” ಎಂದು ಮಗಳು ಬರೆದುಕೊಳ್ಳತೊಡಗಿದರು. ನಾನು ತಡೆದು “ಬಲ ತೊಡೆಸಂದಿನ ಕೀಲು ಸವೆದಿದೆ” ಎಂದು ಬರೆಸಿದೆ. ಸೊಂಟದ ಮೂಳೆ ಎಂದು ಬರೆದಿದ್ದರೆ ಮುಂದಿನವರು ಮತ್ತೆ ಬೆನ್ನಿಗೇ ಹೋಗುತ್ತಿದ್ದರು.

ಇದೇ ಪದ ಬಿದ್ದು ಪೆಟ್ಟಾದಾಗ ಇನ್ನೂ ಜಾಸ್ತಿ ತೊಂದರೆ ಕೊಡುತ್ತದೆ. “ಸೊಂಟ ಮುರಿದಿದೆ” ಎಂದರೆ ಮೂರರಲ್ಲಿ ಯಾವುದೂ ಆಗಿರಬಹುದು. ವಯಸ್ಸಾದವರು ಜಾರಿಬಿದ್ದಾಗ ಆಗುವ ಹಿಪ್ ಫ್ರ್ಯಾಕ್ಚರ್‌ನಲ್ಲಿ ಮುರಿಯುವುದು ಹಿಪ್ ಬೋನ್ ಅಲ್ಲ, ತೊಡೆಮೂಳೆಯ ಮೇಲ್ಭಾಗ: ಚೆಂಡಿನ ಕೆಳಗಿನ ಕತ್ತು, ಇಲ್ಲವೇ ಉಬ್ಬಿನ ಆಸುಪಾಸು. ಮುರಿದ ಮೂಳೆ ಜರುಗಿದ್ದರೆ ಕಾಲು ಗಿಡ್ಡವಾಗಿ, ಪಾದ ಹೊರಕ್ಕೆ ತಿರುಗಿ ಬಿದ್ದಿರುತ್ತದೆ. ಕತ್ತು ಮುರಿದರೆ ಚೆಂಡಿಗೆ ಹೋಗುವ ರಕ್ತವೂ ನಿಲ್ಲಬಹುದು, ಅದಕ್ಕೇ ತಡ ಮಾಡುವಂತಿಲ್ಲ. ಬೋಗುಣಿಯೇ ಮುರಿದರೆ ಅದು ಪೆಲ್ವಿಕ್ ಫ್ರ್ಯಾಕ್ಚರ್. ವಾಹನ ಅಪಘಾತದಂಥ ದೊಡ್ಡ ಹೊಡೆತದಲ್ಲಿ ಒಳಗೇ ತುಂಬಾ ರಕ್ತ ಸೋರಿ ಜೀವಕ್ಕೆ ಅಪಾಯ ಬರಬಹುದು. ಮೂರನೆಯದು ಲಂಬಾರ್ ಮಣಿ ಕುಸಿಯುವುದು. ಮೂರಕ್ಕೂ ಚಿಕಿತ್ಸೆ ಬೇರೆ, ಆತುರ ಬೇರೆ. ದೂರದಲ್ಲಿರುವ ಮಕ್ಕಳಿಗೆ ಫೋನಿನಲ್ಲಿ ಹೇಳುವಾಗ ‘ಸೊಂಟ’ ಎಂದಷ್ಟೇ ಹೇಳಿದರೆ ಅವರಿಗೆ ಏನು ತಿಳಿಯಬೇಕು?

ಅಮ್ಮನ ಫೈಲಿನಲ್ಲಿ ಇನ್ನೊಂದು ಸಾಲೂ ಇತ್ತು. ‘ಸೊಂಟ 92, ಸೊಂಟ 104’. ಒಂದು ತಪ್ಪಿರಬೇಕು ಎಂದು ಮಗಳು ಅಂದುಕೊಂಡಿದ್ದರು. ತಪ್ಪಲ್ಲ. ವೇಸ್ಟ್ ಅಳತೆ ಒಂದು, ಹಿಪ್ ಅಳತೆ ಒಂದು. ಕೊನೆಯ ಪಕ್ಕೆಲುಬಿಗೂ ಇಲಿಯಮ್ ಮೂಳೆಯ ಅಂಚಿಗೂ ನಡುಮಧ್ಯೆ ಟೇಪು ಸುತ್ತಿದರೆ ಮೊದಲನೆಯದು, ಪಿರ್ರೆ ಅತಿ ಅಗಲವಾಗಿರುವಲ್ಲಿ ಸುತ್ತಿದರೆ ಎರಡನೆಯದು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಅಳತೆಯೂ ಹೀಗೇ. 92ನ್ನು 104ರಿಂದ ಭಾಗಿಸಿದರೆ 0.88. ಹೆಂಗಸರಲ್ಲಿ ಇದು 0.85 ಮುಟ್ಟಿದರೆ ಎಚ್ಚರ ಬೇಕು ಎನ್ನುತ್ತಾರೆ. ನಡುವಿನ ಸುತ್ತಳತೆ, ಪಿರ್ರೆಯ ಸುತ್ತಳತೆ ಎಂದು ಬರೆದಿದ್ದರೆ ಯಾರಿಗೂ ಅನುಮಾನ ಬರುತ್ತಿರಲಿಲ್ಲ. ಪಿರ್ರೆ ಎಂದು ಬರೆಯಲು ಸಂಕೋಚಪಡುತ್ತೇವೆ. ಅಂಗಾಂಗದ ಹೆಸರಿಗೆ ನಾಚಿಕೊಂಡರೆ ರೋಗಿಗೆ ನಷ್ಟ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಚಿಕಿತ್ಸೆ ಬದಲಾಯಿತು. ಬೆಲ್ಟ್ ತೆಗೆಸಿದೆ. ಬೆನ್ನಿನ ವ್ಯಾಯಾಮ ನಿಲ್ಲಿಸಿ ಪಿರ್ರೆಯ ಪಕ್ಕದ ಸ್ನಾಯುಗಳಿಗೆ ಮತ್ತು ತೊಡೆಗೆ ವ್ಯಾಯಾಮ ಕೊಟ್ಟೆ. ನೋವಿನ ಮಾತ್ರೆಯನ್ನು ಡಾಕ್ಟರು ನೋಡಿಕೊಂಡರು. ಕೋಲನ್ನು ಎಡಗೈಯಲ್ಲಿ ಹಿಡಿಯಿರಿ ಎಂದೆ. “ನೋವು ಬಲಗಡೆ ಅಲ್ವಾ?” ಎಂದು ಅಮ್ಮ ಕೇಳಿದರು. ಒಂದೇ ಕಾಲಿನ ಮೇಲೆ ನಿಂತಾಗ ಬೋಗುಣಿ ಇನ್ನೊಂದು ಕಡೆ ಬೀಳದಂತೆ ಪಕ್ಕದ ಸ್ನಾಯು ಎಳೆದು ಹಿಡಿಯಬೇಕು. ಆ ಎಳೆತವೂ ಸೇರಿ ಕೀಲಿನ ಮೇಲೆ ಮೈತೂಕದ ಎರಡೂವರೆಯಿಂದ ಮೂರು ಪಟ್ಟು ಭಾರ ಬೀಳುತ್ತದೆ. ಎದುರು ಕೈಯ ಕೋಲು ಬೀಳುವ ಕಡೆಗೇ ಆಸರೆ ಕೊಡುತ್ತದೆ, ಸ್ನಾಯು ಅಷ್ಟು ಎಳೆಯಬೇಕಾಗಿಲ್ಲ. ಎರಡು ಸುತ್ತು ನಡೆದು ನೋಡಿ, “ಹೌದು, ಹಗುರ ಅನ್ಸುತ್ತೆ” ಎಂದರು.

ಮೂರು ತಿಂಗಳ ಮೇಲೆ ಕೀಲಿನ ತಿರುಗುವಿಕೆ ಹೆಚ್ಚು ಬದಲಾಗಿರಲಿಲ್ಲ. ಸವೆದ ಮೃದ್ವಸ್ಥಿ ವ್ಯಾಯಾಮದಿಂದ ಮತ್ತೆ ಬೆಳೆಯುವುದಿಲ್ಲ. ಆದರೆ ಒಂದೇ ಸಲಕ್ಕೆ 20 ನಿಮಿಷ ನಡೆಯುತ್ತಿದ್ದರು. ಮೊದಲು 5 ನಿಮಿಷಕ್ಕೇ ಕೂರಬೇಕಿತ್ತು. ವಾಲುವಿಕೆ ಕಡಿಮೆಯಾಗಿತ್ತು, ಮಂಡಿ ನೋವಿನ ಮಾತೇ ಬರಲಿಲ್ಲ. ಮುಂದೆ ಕೀಲು ಬದಲಿಸುವ ಆಪರೇಷನ್ ಬೇಕಾಗಬಹುದು ಎಂದು ಡಾಕ್ಟರು ಹೇಳಿದ್ದಾರೆ. ಅದು ಆತುರದ ನಿರ್ಧಾರವಲ್ಲ, ಅಮ್ಮನೇ ಯೋಚಿಸಿ ಹೇಳಬೇಕಾದದ್ದು.

ನಮ್ಮಲ್ಲಿ ರೋಗಿಗಳು ತುಂಬುವ ಫಾರಂನಲ್ಲೂ ‘ಸೊಂಟ’ ಎಂಬ ಒಂದೇ ಚೌಕವಿತ್ತು. ಅದನ್ನು ತೆಗೆದು ಮೈಯ ಮುಂಭಾಗ ಹಿಂಭಾಗದ ಎರಡು ರೇಖಾಚಿತ್ರ ಹಾಕಿದ್ದೇವೆ, ನೋವಿರುವಲ್ಲಿ ಗುರುತು ಹಾಕಲು. ಹೊಸ ಫಾರಂ ಮೊದಲು ತುಂಬಿದ್ದು ಅಮ್ಮನೇ. ಪೆನ್ನು ಹಿಡಿದು ಮುಂಭಾಗದ ಚಿತ್ರದಲ್ಲಿ ಬಲ ತೊಡೆಸಂದಿನ ಮಡಿಕೆಯ ಮೇಲೆ ಸಣ್ಣದೊಂದು ಅಡ್ಡಗೆರೆ ಎಳೆದರು. ಹಿಂಭಾಗದ ಚಿತ್ರವನ್ನು ಒಂದು ಸಲ ನೋಡಿ, ಏನೂ ಬರೆಯದೆ ಹಾಳೆಯನ್ನು ನನ್ನ ಕೈಗೆ ಕೊಟ್ಟರು.